ಕಾರ್ಕಳದ ಭೈರರಸರ ಕಲಾಪೋಷಣೆ: ಶಾಸನ, ಕಾವ್ಯ ಮತ್ತು ಪಾಡ್ದನಗಳ ಸಾಕ್ಷ್ಯ

ಪ್ರವೇಶ

ಮಧ್ಯಕಾಲೀನ ಕರ್ನಾಟಕದ ರಾಜವಂಶಗಳು ಕಲೆ-ಸಾಹಿತ್ಯಗಳಿಗೆ ನೀಡಿದ ಆಶ್ರಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳಂತಹ ದೊಡ್ಡ ಪ್ರಭುತ್ವಗಳನ್ನು ಕೇಂದ್ರವಾಗಿ ಇರಿಸಿಕೊಂಡಿವೆ. ಕರಾವಳಿಯ ಸಣ್ಣ ಅರಸುಮನೆತನಗಳು ಈ ಚರಿತ್ರೆಯ ಕೊನೆಯ ಪುಟಗಳಲ್ಲಿ ಅನುಬಂಧದಂತೆ ಬಂದುಹೋಗುತ್ತವೆ. ಆದರೆ ಆಳುಪರ ತರುವಾಯ ತುಳುನಾಡಿನಲ್ಲಿ ತಲೆಯೆತ್ತಿದ ಭೈರರಸ, ಚೌಟ, ಬಂಗ, ಅಜಿಲ, ಸಾವಂತ ಮೊದಲಾದ ಮನೆತನಗಳು ತಮ್ಮ ಸೀಮಿತ ಭೂಪ್ರದೇಶ ಮತ್ತು ಸೀಮಿತ ಆದಾಯಗಳ ನಡುವೆಯೂ ಕಟ್ಟಿಸಿದ ಬಸದಿಗಳು, ನಿಲ್ಲಿಸಿದ ವಿಗ್ರಹಗಳು, ಬರೆಯಿಸಿದ ಕಾವ್ಯಗಳು ಗಾತ್ರದಲ್ಲಾಗಲಿ ಗುಣದಲ್ಲಾಗಲಿ ಅನುಬಂಧಕ್ಕೆ ಸೀಮಿತಗೊಳ್ಳತಕ್ಕವಲ್ಲ.

ಈ ಮನೆತನಗಳ ಪೈಕಿ ಕಳಸ-ಕಾರ್ಕಳದ ಭೈರರಸರ ವಿಷಯದಲ್ಲಿ ಸಂಶೋಧಕರಿಗೆ ಒಂದು ವಿಶೇಷ ಅನುಕೂಲವಿದೆ. ಇವರು ಮಾಡಿಸಿದ ಒಂದೇ ಕಲಾಕೃತಿಯನ್ನು, ಎಂದರೆ ಕಾರ್ಕಳದ ಗೊಮ್ಮಟನನ್ನು, ಕುರಿತು ಮೂರು ಭಿನ್ನ ನೆಲೆಗಳ ಸಾಕ್ಷ್ಯಗಳು ದೊರೆಯುತ್ತವೆ. ಮೊದಲನೆಯದು ಅರಸನೇ ಬರೆಯಿಸಿದ ಶಾಸನ. ಎರಡನೆಯದು ಗುರುಪೀಠದ ಪರಿಸರದಲ್ಲಿ ಹುಟ್ಟಿದ ಕಾವ್ಯ. ಮೂರನೆಯದು ಅರಮನೆಗೂ ಮಠಕ್ಕೂ ಹೊರಗಿನ ಜನ ಹಾಡಿಕೊಂಡು ಬಂದ ತುಳು ಪಾಡ್ದನ. ಈ ಮೂರೂ ಒಂದೇ ಸಂಗತಿಯನ್ನು ಹೇಳುವುದಿಲ್ಲ. ಅವು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಪರಿಶೀಲಿಸಿ, ‘ಆಶ್ರಯ’ ಅಥವಾ ‘ಕಲಾಪೋಷಣೆ’ ಎಂಬ ಪರಿಕಲ್ಪನೆಯನ್ನು ಮರುವಿಚಾರಣೆಗೆ ಒಳಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮನೆತನದ ಹಿನ್ನೆಲೆ

ಭೈರರಸರು ತಮ್ಮನ್ನು ಹೊಂಬುಜದ ಸಾಂತರರ ಮೂಲಪುರುಷನಾದ ಜಿನದತ್ತರಾಯನ ವಂಶದವರೆಂದು ಹೇಳಿಕೊಂಡವರು. ಪೊಂಬುರ್ಚಪುರದ ಒಡೆತನವನ್ನೂ ಪದ್ಮಾವತೀದೇವಿಯ ವರಪ್ರಸಾದವನ್ನೂ ಸೂಚಿಸುವ ಬಿರುದುಗಳನ್ನು ಅವರು ಬಿಡದೆ ಧರಿಸಿದರು. ಘಟ್ಟದ ಮೇಲಿನ ಕಳಸ ಮತ್ತು ಘಟ್ಟದ ಕೆಳಗಿನ ಕಾರ್ಕಳ ಇವೆರಡೂ ಅವರ ಆಳ್ವಿಕೆಯ ಕೇಂದ್ರಗಳಾಗಿದ್ದುದರಿಂದ ಮಲೆನಾಡು ಮತ್ತು ಕರಾವಳಿಗಳನ್ನು ಬೆಸೆಯುವ ದಾರಿಗಳು ಅವರ ವಶದಲ್ಲಿದ್ದವು. ಮೆಣಸು, ಅಡಕೆ, ಅಕ್ಕಿಗಳ ಸಾಗಾಟ ನಡೆಯುತ್ತಿದ್ದ ಸೀಮೆಯಿದು. ರಾಜಕೀಯವಾಗಿ ಅವರು ವಿಜಯನಗರದ ಅಧೀನರು. ಉತ್ತರಾಧಿಕಾರದಲ್ಲಿ ತುಳುನಾಡಿನ ಅಳಿಯಕಟ್ಟಿನ ಪ್ರಭಾವ ಎದ್ದುಕಾಣುತ್ತದೆ. 1586ರ ಚತುರ್ಮುಖ ಬಸದಿಯ ಶಾಸನವು ಇಮ್ಮಡಿ ಭೈರರಸನನ್ನು ಹಿಂದಿನ ಭೈರರಸನ ಸೋದರಿ ಗುಮ್ಮಟಾಂಬೆಯ ಮಗನೆಂದು ಪರಿಚಯಿಸುತ್ತದೆ. ತಾಯಿಯ ಹೆಸರಿನಲ್ಲಿಯೇ ಗೊಮ್ಮಟನಿರುವುದು, ವಿಗ್ರಹವು ಪ್ರತಿಷ್ಠೆಗೊಂಡ ತರುವಾಯ ಅದು ಮನೆತನದ ಗುರುತಾಗಿ ಪರಿಣಮಿಸಿದುದರ ಸೂಚನೆಯೆಂದು ಭಾವಿಸಲು ಅವಕಾಶವಿದೆ.

ಈ ಮನೆತನದ ಚರಿತ್ರೆಯನ್ನು ವ್ಯವಸ್ಥಿತವಾಗಿ ಕಟ್ಟಿಕೊಡಲು ಇ. ಹುಲ್ಶ್ ಮತ್ತು ಎಚ್. ಕೃಷ್ಣಶಾಸ್ತ್ರಿಗಳ ಶಾಸನ ಸಂಪಾದನೆ ತಳಹದಿಯಾಯಿತು. ತರುವಾಯ ಬಿ.ಎ. ಸಾಲೆತ್ತೂರ್, ಮಂಜೇಶ್ವರದ ಗೋವಿಂದ ಪೈ, ಕೆ.ವಿ. ರಮೇಶ್, ಪಿ. ಗುರುರಾಜ ಭಟ್ಟ ಮೊದಲಾದವರು ಆ ಕೆಲಸವನ್ನು ಮುಂದುವರಿಸಿದರು. ಕಾಲಾನುಕ್ರಮ ಮತ್ತು ವಂಶಾವಳಿಗಳನ್ನು ನಿಶ್ಚಯಿಸುವುದು ಆ ಪೀಳಿಗೆಯ ಮುಖ್ಯ ಕಾಳಜಿಯಾಗಿದ್ದಿತು. ಅವರು ಹಾಕಿಕೊಟ್ಟ ಚೌಕಟ್ಟಿನೊಳಗೆ ನಿಂತು ಬೇರೊಂದು ಪ್ರಶ್ನೆಯನ್ನು ಕೇಳುವುದು ಈಗ ಸಾಧ್ಯವಾಗಿದೆ.

2. ಶಾಸನ: ದಾನಿ ಮತ್ತು ಗುರು

ಕಾರ್ಕಳದ ಗೊಮ್ಮಟನ ಪ್ರತಿಷ್ಠೆ ನಡೆದದ್ದು ಶಕವರ್ಷ 1353ರ ವಿರೋಧಿಕೃತು ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು, ಕ್ರಿ.ಶ. 1432ರ ಫೆಬ್ರವರಿ 13ರಂದು. ಮಾಡಿಸಿದವನು ಭೈರವೇಂದ್ರನ ಮಗ ವೀರಪಾಂಡ್ಯ. ಪ್ರೇರಕನು ದೇಶೀಗಣದ ಪನಸೋಗೆ ಪರಂಪರೆಗೆ ಸೇರಿದ ಲಲಿತಕೀರ್ತಿ. ವಿಗ್ರಹದ ಎತ್ತರ ಸುಮಾರು 42 ಅಡಿ. ವಿಗ್ರಹದ ಎದುರಿನ ಬ್ರಹ್ಮದೇವ ಸ್ತಂಭವನ್ನು ಅದೇ ವೀರಪಾಂಡ್ಯನು 1436ರಲ್ಲಿ ನಿಲ್ಲಿಸಿದನು.

ಈ ಕಾಲಘಟ್ಟದ ಇನ್ನೊಂದು ನಿರ್ಮಾಣವನ್ನು ಪಕ್ಕದಲ್ಲಿರಿಸಿ ನೋಡಬೇಕಾಗುತ್ತದೆ. ಕಾರ್ಕಳಕ್ಕೆ ಸಮೀಪದ ಮೂಡುಬಿದಿರೆಯ ತ್ರಿಭುವನ ಚೂಡಾಮಣಿ ಬಸದಿ, ಎಂದರೆ ಸಾವಿರ ಕಂಬದ ಬಸದಿ, ರೂಪುಗೊಂಡದ್ದು 1430ರ ಸುಮಾರಿನಲ್ಲಿ. ಅದರ ಹಿಂದೆ ಶ್ರೀಮಂತ ಜೈನ ವರ್ತಕಸಮುದಾಯದ ಕೂಡುಪ್ರಯತ್ನವಿದ್ದಿತು. ಎರಡೇ ವರ್ಷಗಳ ಅಂತರದಲ್ಲಿ ಕಾರ್ಕಳದ ಅರಸನು, ಹಲವರು ಕೂಡಿ ಕಟ್ಟುವ ಬಸದಿಯ ಬದಲು, ಒಬ್ಬನ ಹೆಸರಿನಲ್ಲಿ ನಿಲ್ಲುವ ಏಕಶಿಲಾಮೂರ್ತಿಯನ್ನು ಆರಿಸಿಕೊಂಡನು. ಬಯಲ ನಡುವೆ ಎದ್ದ ಬಂಡೆಯ ಮೇಲೆ ನಿಂತು ದೂರದಿಂದಲೇ ಕಣ್ಣಿಗೆ ಬೀಳುವ ಈ ಮೂರ್ತಿ ಧಾರ್ಮಿಕ ಸಂಕೇತವಾಗಿರುವಂತೆಯೇ ಅಧಿಕಾರದ ಘೋಷಣೆಯೂ ಹೌದು. ವರ್ತಕರ ಪಟ್ಟಣ ಮತ್ತು ಅರಸನ ಪಟ್ಟಣ ಇವೆರಡರ ನಡುವಿನ ಈ ಭೇದವು ಕಲಾಪೋಷಣೆಯ ಎರಡು ಮಾದರಿಗಳನ್ನು ಸ್ಪಷ್ಟಪಡಿಸುತ್ತದೆ.

ಶ್ರವಣಬೆಳ್ಗೊಳದ ಮೂರ್ತಿಯ ಆದರ್ಶ ವೀರಪಾಂಡ್ಯನ ಮುಂದಿದ್ದುದು ನಿಸ್ಸಂದೇಹ. ಆದರೆ ಗಂಗರ ಮಂತ್ರಿ ಚಾವುಂಡರಾಯನು ಹತ್ತನೆಯ ಶತಮಾನದಲ್ಲಿ ಮಾಡಿಸಿದ ಆ ಮೂರ್ತಿಯನ್ನು ಬೆಟ್ಟದ ತುದಿಯ ಬಂಡೆಯಲ್ಲಿಯೇ ಕಡೆಯಲಾಗಿದೆ. ಕಾರ್ಕಳದ ಮೂರ್ತಿಯಾದರೋ ಬೇರೆಡೆ ರೂಪುಗೊಂಡು ಬಂಡೆಯ ಮೇಲಕ್ಕೆ ಸಾಗಿಸಲ್ಪಟ್ಟದ್ದು. ಸುಮಾರು 80 ಟನ್ನುಗಳೆಂದು ಅಂದಾಜಿಸಲಾಗಿರುವ ಶಿಲೆಯನ್ನು ಏರಿನಲ್ಲಿ ಎಳೆದೊಯ್ದು ನಿಲ್ಲಿಸುವುದಕ್ಕೆ ಬೇಕಾದ ಜನಬಲ, ಹಗ್ಗ-ಮರಮಟ್ಟುಗಳ ಸಿದ್ಧತೆ, ಕೆಲಸಗಾರರ ಅನ್ನಾಹಾರದ ವ್ಯವಸ್ಥೆ ಇವೆಲ್ಲ ಒಂದು ಸಣ್ಣ ರಾಜ್ಯದ ಶಕ್ತಿಯ ಪರೀಕ್ಷೆಯೇ ಆಗಿರಬೇಕು. ಶಾಸನವು ಇದಾವುದನ್ನೂ ಹೇಳುವುದಿಲ್ಲ. ಅದರಲ್ಲಿ ದಾನಿಯಿದ್ದಾನೆ, ಗುರುವಿದ್ದಾನೆ, ತಿಥಿಯಿದೆ, ಶಿಲ್ಪಿಯ ಹೆಸರಿಲ್ಲ. ಹೊಯ್ಸಳ ದೇವಾಲಯಗಳಲ್ಲಿ ಮಲ್ಲಿತಮ್ಮ, ಬಳ್ಳಿಗಾವೆಯ ದಾಸೋಜ, ಚಾವಣ ಮೊದಲಾದವರು ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆದುಕೊಂಡದ್ದನ್ನು ನೆನೆದರೆ, ಕಾರ್ಕಳದ ಈ ಮೌನ ಗಮನಾರ್ಹವಾಗುತ್ತದೆ.

1586ರ ಮಾರ್ಚ್‌ನಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಯ ಶಾಸನ ಇದಕ್ಕಿಂತ ವಿಸ್ತಾರವಾದದ್ದು. ಗೊಮ್ಮಟನ ಬೆಟ್ಟಕ್ಕೆ ಎದುರಾದ ದಿಬ್ಬದ ಮೇಲೆ ಪೂರ್ಣವಾಗಿ ಕಲ್ಲಿನಿಂದ ಕಟ್ಟಿದ ಈ ಬಸದಿಯನ್ನು ಶಾಸನವು ತ್ರಿಭುವನತಿಲಕ ಜಿನಚೈತ್ಯಾಲಯವೆಂದೂ ಸರ್ವತೋಭದ್ರವೆಂದೂ ಕರೆಯುತ್ತದೆ. ನಾಲ್ಕು ದಿಕ್ಕುಗಳಿಗೂ ಬಾಗಿಲುಗಳು. ನಾಲ್ಕು ಕಡೆಗಳಲ್ಲಿಯೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರ್ತಿಗಳು. ಯಾವ ದಿಕ್ಕಿನಿಂದ ಬಂದವನಿಗೂ ಅದೇ ದರ್ಶನ ದೊರೆಯಬೇಕೆಂಬುದು ಇದರ ವಾಸ್ತುತತ್ತ್ವ. ಈ ಶಾಸನದಲ್ಲಿ ಪೂಜೆ, ನೈವೇದ್ಯ, ಸ್ಥಾನಿಕರ ಜೀವನೋಪಾಯ ಇವುಗಳಿಗಾಗಿ ತೆಳ್ಳಾರು ಮೊದಲಾದೆಡೆಗಳ ಉತ್ಪನ್ನವನ್ನು ಬಿಟ್ಟುಕೊಟ್ಟ ವಿವರಗಳು ಬರುತ್ತವೆ. ಹೀಗಾಗಿ ಕಲಾಪೋಷಣೆಯೆಂದರೆ ಕಟ್ಟಡವನ್ನು ಎಬ್ಬಿಸುವ ಒಂದು ದಿನದ ಔದಾರ್ಯವಲ್ಲ. ಗದ್ದೆಯ ಫಲವನ್ನು ಶಾಶ್ವತವಾಗಿ ಒಂದು ಸಂಸ್ಥೆಯ ಕಡೆಗೆ ಹರಿಸುವ ಆರ್ಥಿಕ ಏರ್ಪಾಡು. ಉತ್ತ ಒಕ್ಕಲಿನ ದುಡಿಮೆಯೂ ಈ ಕಲೆಯ ಪೋಷಕಶಕ್ತಿಯೇ ಆಗಿದ್ದಿತೆಂಬುದನ್ನು ಮರೆಯಲಾಗದು.

ಇನ್ನೊಂದು ಅಂಶವೂ ವಿಚಾರಾರ್ಹ. 1432ರಲ್ಲಿ ಪ್ರೇರಕನಾದ ಗುರು ಲಲಿತಕೀರ್ತಿ. 1586ರಲ್ಲಿ ಪ್ರೇರಕನಾದ ಗುರುವೂ ಲಲಿತಕೀರ್ತಿ. ನಡುವೆ 154 ವರ್ಷಗಳು ಕಳೆದಿವೆ. ಇದು ವ್ಯಕ್ತಿನಾಮವಲ್ಲ, ಕಾರ್ಕಳದ ಭಟ್ಟಾರಕಪೀಠದ ಪಟ್ಟನಾಮ ಎಂಬುದು ಸುವಿದಿತ. ಅರಸರು ಬದಲಾದರು, ಅಳಿಯಕಟ್ಟಿನಲ್ಲಿ ಉತ್ತರಾಧಿಕಾರ ತಿರುವುಗಳನ್ನು ಪಡೆಯಿತು. ಗುರುಪೀಠ ಮಾತ್ರ ಒಂದೇ ಹೆಸರಿನಿಂದ ಮುಂದುವರಿಯಿತು. ಆದ್ದರಿಂದ ‘ಭೈರರಸರ ಕಲಾಪೋಷಣೆ’ ಎನ್ನುವಾಗ ಅರಸ ಮತ್ತು ಪೀಠ ಎಂಬ ಜೋಡಿಯನ್ನು ಒಟ್ಟಾಗಿ ಗ್ರಹಿಸುವುದು ಹೆಚ್ಚು ಸಮಂಜಸ.

3. ಕಟ್ಟಡದ ಭಾಷೆ

ಕರಾವಳಿಯ ಬಸದಿಗಳ ಇಳಿಜಾರು ಮಾಡು, ಹಾಸುಗಲ್ಲಿನ ಹೊದಿಕೆ, ಮರದ ತೊಲೆಗಳನ್ನು ನೆನಪಿಸುವ ಕಲ್ಲಿನ ಜೋಡಣೆ ಇವು ದಕ್ಷಿಣದ ಉಳಿದ ವಾಸ್ತುಪದ್ಧತಿಗಳಿಂದ ಭಿನ್ನವಾಗಿರುವುದನ್ನು 19ನೆಯ ಶತಮಾನದಲ್ಲಿ ಜೇಮ್ಸ್ ಫರ್ಗ್ಯುಸನ್ ಗುರುತಿಸಿ, ಮೂಡುಬಿದಿರೆಯ ಬಸದಿಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದನು. ಹೋಲಿಕೆಗಾಗಿ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ. ಬಿರುಸಾದ ಮುಂಗಾರಿನ ನಾಡಿನಲ್ಲಿ ಗುತ್ತುಮನೆ, ಬೀಡುಮನೆಗಳನ್ನು ಕಟ್ಟುತ್ತಿದ್ದ ಬಡಗಿಗಳ ಮರಗೆಲಸದ ಪರಿಣತಿಯೇ ಕಲ್ಲಿಗೆ ದಾಟಿಕೊಂಡಿತೆನ್ನುವುದು ಸಹಜವಾದ ವಿವರಣೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ (1934–2017) ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮರದ ಕಂಬ, ಬೋದಿಗೆ, ಜಂತಿಗಳ ಕೂಡುವಿಕೆಯನ್ನು ಗಮನಿಸಿ, ಅನಂತರ ಮೂಡುಬಿದಿರೆ, ಕಾರ್ಕಳಗಳ ಬಸದಿಗಳ ಜಗಲಿಯಲ್ಲಿ ನಿಂತು ನೋಡುವ ವಿದ್ಯಾರ್ಥಿಗೆ ಈ ಸಂಬಂಧ ಪುಸ್ತಕದ ನೆರವಿಲ್ಲದೆಯೇ ಹೊಳೆಯಬಲ್ಲದು. ಅರಸನು ತಂದ ಆದರ್ಶ ಬೆಳ್ಗೊಳದ್ದಾದರೂ ಅದನ್ನು ಸಾಕಾರಗೊಳಿಸಿದ ಕೈಗಳ ಪರಿಣತಿಗೆ ಸ್ಥಳೀಯ ಬೇರುಗಳಿದ್ದವು.

ವರಂಗದ ಕೆರೆ ಬಸದಿಯೂ ನಾಲ್ಕು ಮುಖಗಳ ವಿನ್ಯಾಸದ್ದೇ. ದೋಣಿಯಲ್ಲಿಯೇ ತಲುಪಬೇಕಾದ ಆ ಬಸದಿಯನ್ನೂ ಕಾರ್ಕಳದ ಬಸದಿಯನ್ನೂ ಒಂದೇ ವಾಸ್ತುಚಿಂತನೆಯ ಎರಡು ಪ್ರಯೋಗಗಳೆಂದು ಪರಿಭಾವಿಸಬಹುದು. ಒಂದು ನೀರಿನ ನಡುವೆ ಅಂತರ್ಮುಖಿ. ಇನ್ನೊಂದು ದಿಬ್ಬದ ಮೇಲೆ ಬಹಿರ್ಮುಖಿ.

4. ಕಾಪುವಿನ ತಾಮ್ರಶಾಸನ: ಸಣ್ಣ ಪ್ರಭುವಿನ ದಾನ

ಕಾರ್ಕಳದ ವೈಭವವನ್ನು ಅಳೆಯುವುದಕ್ಕೆ ಕಾಪುವಿನ 1556ರ ತಾಮ್ರಶಾಸನ ಒಳ್ಳೆಯ ಅಳತೆಗೋಲು. ಕಾಪುವಿನ ಮದ್ದ ಹೆಗ್ಗಡೆಯು ಧರ್ಮನಾಥ ತೀರ್ಥಂಕರನ ಸೇವೆಗೆ ಭೂಮಿಯನ್ನು ಬಿಟ್ಟ ದಾಖಲೆಯಿದು. ಇಲ್ಲಿ ಏಕಶಿಲಾಮೂರ್ತಿಯಿಲ್ಲ, ನಾಲ್ಕು ಮುಖದ ಬಸದಿಯಿಲ್ಲ. ಒಂದು ಬಸದಿಯ ದೀಪ ಆರದಂತೆ ನೋಡಿಕೊಳ್ಳುವ ಏರ್ಪಾಡಿದೆ. ಆದರೆ ಇದರ ಶಾಪಾಶಯ ಭಾಗ ಬಹು ಅರ್ಥಪೂರ್ಣ. ದಾನಕ್ಕೆ ತಪ್ಪಿದವನು ಜೈನನಾದರೆ ಬೆಳ್ಗೊಳದ ಗೊಮ್ಮಟನೇ ಮೊದಲಾದ ಜಿನಬಿಂಬಗಳನ್ನು, ಶೈವನಾದರೆ ಪರ್ವತ, ಗೋಕರ್ಣ ಮೊದಲಾದ ಕ್ಷೇತ್ರಗಳ ಲಿಂಗಗಳನ್ನು, ವೈಷ್ಣವನಾದರೆ ತಿರುಮಲೆ ಮೊದಲಾದೆಡೆಗಳ ವಿಷ್ಣುಮೂರ್ತಿಗಳನ್ನು ಒಡೆದ ಪಾಪಕ್ಕೆ ಗುರಿಯಾಗುವನೆಂಬ ಆಶಯ ಅಲ್ಲಿದೆ.

ಇಲ್ಲಿ ಎರಡು ಅಂಶಗಳು ಗೋಚರಿಸುತ್ತವೆ. ಒಂದು, ಜೈನ ದಾನವೊಂದರ ರಕ್ಷಣೆಗೆ ಮೂರೂ ಮತಗಳವರನ್ನು ಅವರವರ ಶ್ರದ್ಧೆಯ ಭಾಷೆಯಲ್ಲಿಯೇ ಬದ್ಧರನ್ನಾಗಿಸಲಾಗಿದೆ. ಕೃಷ್ಣಮಠದ ಉಡುಪಿಗೆ ಹತ್ತಿರದ, ಶೈವ-ವೈಷ್ಣವ-ಜೈನರೆಲ್ಲ ನೆರೆಹೊರೆಯವರಾಗಿದ್ದ ಊರಿನಲ್ಲಿ ಇದು ವ್ಯಾವಹಾರಿಕ ವಿವೇಕ. ಎರಡು, ಪಾಪದ ಪ್ರಮಾಣವನ್ನು ಅಳೆದಿರುವುದು ಮೂರ್ತಿಭಂಜನೆಯಿಂದ. ಮೂರ್ತಿಯನ್ನು ಒಡೆಯುವುದು ಊಹಿಸಬಹುದಾದ ಅತಿದೊಡ್ಡ ಅಪರಾಧವೆಂಬ ಸರ್ವಸಮ್ಮತ ಭಾವನೆ ಇದರ ಹಿಂದಿದೆ. ಮೂರ್ತಿಗೆ ಇಷ್ಟು ಬೆಲೆ ಕೊಟ್ಟ ಸಮಾಜ ಮೂರ್ತಿಕಾರನಿಗೆ ಎಷ್ಟು ಬೆಲೆ ಕೊಟ್ಟಿತು? ಈ ಪ್ರಶ್ನೆಗೆ ಶಾಸನಗಳು ಉತ್ತರಿಸುವುದಿಲ್ಲ.

5. ಕಾವ್ಯ: ಉತ್ಸವದ ಸ್ಮೃತಿ

ಭೈರರಸರ ಪರಿಸರದ ಕನ್ನಡ ಸಾಹಿತ್ಯದಲ್ಲಿ ಮೊದಲು ಉಲ್ಲೇಖಿಸಬೇಕಾದವನು ಕಲ್ಯಾಣಕೀರ್ತಿ. ಲಲಿತಕೀರ್ತಿಯ ಶಿಷ್ಯನಾದ ಇವನ ‘ಜ್ಞಾನಚಂದ್ರಾಭ್ಯುದಯ’ದ ಕಾಲ 1439. ಪಾಂಡ್ಯರಾಯನ ಪ್ರೇರಣೆಯಿಂದ ಇವನು ರಚಿಸಿದ ‘ಕಾಮನಕಥೆ’ ಸಾಂಗತ್ಯದಲ್ಲಿದೆ. ಗೊಮ್ಮಟನ ಪ್ರತಿಷ್ಠೆ, ಬ್ರಹ್ಮದೇವ ಸ್ತಂಭ, ಕಲ್ಯಾಣಕೀರ್ತಿಯ ಕೃತಿ ಇವು ಒಂದೇ ದಶಕದೊಳಗೆ ಬರುತ್ತವೆ. ಅದೇ ಅರಸ, ಅದೇ ಗುರುಪರಂಪರೆ. ಶಿಲ್ಪ ಮತ್ತು ಕಾವ್ಯಗಳನ್ನು ಪ್ರತ್ಯೇಕ ಅಧ್ಯಾಯಗಳಲ್ಲಿ ಅಭ್ಯಸಿಸುವ ರೂಢಿ ಇಂತಹ ಸಂಬಂಧಗಳನ್ನು ಮರೆಮಾಡುತ್ತದೆ.

ಹದಿನಾರನೆಯ ಶತಮಾನದ ರತ್ನಾಕರವರ್ಣಿಯನ್ನು ಕಾರ್ಕಳದ ಆಸ್ಥಾನಕವಿಯೆಂದು ಹೇಳುವ ವಾಡಿಕೆಯಿದೆ. ‘ತ್ರಿಲೋಕಶತಕ’ದ ಕಾಲ 1557 ಎಂಬುದು ಕೃತಿಯ ಆಧಾರದಿಂದಲೇ ತಿಳಿಯುವುದಾದರೂ ಭೈರರಸನ ಆಸ್ಥಾನ, ರಾಜಕುಮಾರಿಯೊಡನೆ ಪ್ರಣಯ, ಮತಾಂತರ ಮೊದಲಾದ ಕಥೆಗಳಿಗೆ ಮುಖ್ಯ ಆಕರ ದೇವಚಂದ್ರನ ‘ರಾಜಾವಳಿ ಕಥೆ’. ಅದು 19ನೆಯ ಶತಮಾನದ ರಚನೆ. ಹೀಗಾಗಿ ‘ಭರತೇಶವೈಭವ’ವನ್ನು ರಾಜಾಶ್ರಯದ ಫಲವೆಂದು ನೇರವಾಗಿ ಗಣಿಸುವಾಗ ಎಚ್ಚರ ಅವಶ್ಯ. ಆ ಕಾವ್ಯದ ಭರತನು ರಾಜ್ಯವಾಳುತ್ತಲೇ ಯೋಗಿಯಾಗಿ ಉಳಿಯುವ ಆದರ್ಶ ಪ್ರಭು; ಬಾಹುಬಲಿಯ ತ್ಯಾಗವನ್ನು ಬೃಹತ್ ಶಿಲೆಯಲ್ಲಿ ನಿಲ್ಲಿಸಿದ ನಾಡಿನ ಕವಿ ಭೋಗಯೋಗಗಳ ಸಮನ್ವಯವನ್ನು ಭರತನಲ್ಲಿ ಕಂಡದ್ದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಗೊಮ್ಮಟನನ್ನೇ ವಸ್ತುವಾಗಿಸಿಕೊಂಡ ಕೃತಿ ಚಂದ್ರಮ ಕವಿಯ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’. 1646ರ ಮಸ್ತಕಾಭಿಷೇಕದ ಸಂದರ್ಭದೊಡನೆ ಸಂಬಂಧವಿರುವ ಈ ಸಾಂಗತ್ಯಕಾವ್ಯ ಪ್ರತಿಷ್ಠೆಯಾಗಿ 214 ವರ್ಷಗಳ ಬಳಿಕ ಹುಟ್ಟಿದ್ದು. ಶಾಸನವು ಬಿಟ್ಟ ಸಂಗತಿಗಳನ್ನು ಕಾವ್ಯ ತುಂಬಿಕೊಡುತ್ತದೆ. ಶಿಲೆಯನ್ನು ಆರಿಸಿದುದು, ಶಿಲ್ಪಿಗಳು ಕೆಲಸ ಮಾಡಿದುದು, ಅನೇಕ ಗಾಲಿಗಳ ಬಂಡಿಯ ಮೇಲೆ ಮೂರ್ತಿಯನ್ನು ಇರಿಸಿ ಜನಸಮೂಹ ಎಳೆದುದು ಇವೆಲ್ಲ ಅಲ್ಲಿ ವರ್ಣಿತವಾಗಿವೆ. ಹೀಗೆ ದುಡಿಮೆಯು ಮೊದಲ ಬಾರಿಗೆ ಬರಹದೊಳಗೆ ಪ್ರವೇಶ ಪಡೆಯುತ್ತದೆ. ಆದರೆ ಅದು ಉತ್ಸವದ ರೂಪದಲ್ಲಿ. ಎಳೆದವರ ಬೆವರು ಭಕ್ತಿಯಾಗಿ ಪರಿವರ್ತಿತವಾಗಿದೆ. ಶಿಲ್ಪಿಯ ಪಾಲಿಗೆ ಸನ್ಮಾನವಿದೆ, ಸಂಕಟವಿಲ್ಲ. ಸಮಕಾಲೀನ ವರದಿಯೆಂದು ಇದನ್ನು ಓದಲಾಗದು. ಎರಡು ಶತಮಾನಗಳ ಬಳಿಕ ಗುರುಪೀಠ ಮತ್ತು ಅರಮನೆ ತಮ್ಮ ಭೂತಕಾಲವನ್ನು ಹೇಗೆ ಸ್ಮರಿಸಿಕೊಳ್ಳಬಯಸಿದವು ಎಂಬುದಕ್ಕೆ ಮಾತ್ರ ಇದು ಉತ್ತಮ ಸಾಕ್ಷ್ಯ.

6. ಪಾಡ್ದನ: ಕತ್ತರಿಸಿದ ಕೈ

ಶಾಸನ ಮರೆತ ಶಿಲ್ಪಿಗೆ ಹೆಸರನ್ನು ಕೊಟ್ಟದ್ದು ಪಾಡ್ದನ. ಕಲ್ಕುಡ-ಕಲ್ಲುರ್ಟಿಯರ ಪಾಡ್ದನದಲ್ಲಿ ಬೀರು ಕಲ್ಕುಡನೆಂಬ ಶಿಲ್ಪಿ ಭೈರರಸನ ಕರೆಯಂತೆ ಕಾರ್ಕಳಕ್ಕೆ ಬಂದು ಗೊಮ್ಮಟನನ್ನು ಕಡೆಯುತ್ತಾನೆ. ಇಂಥ ಮೂರ್ತಿ ಬೇರೆಲ್ಲಿಯೂ ಆಗಕೂಡದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಕಲ್ಕುಡನು ಛಲ ಬಿಡದೆ ವೇಣೂರಿಗೆ ಹೋಗಿ ಉಳಿದ ಒಂದು ಕೈ ಒಂದು ಕಾಲಿನಿಂದಲೇ ಅಲ್ಲಿನ ಗೊಮ್ಮಟನನ್ನು ಮಾಡುತ್ತಾನೆ. ತಂಗಿ ಕಲ್ಲುರ್ಟಿಯು ಅಣ್ಣನ ದುಃಸ್ಥಿತಿಯನ್ನು ಕಂಡು ಕುದಿಯುತ್ತಾಳೆ. ಇಬ್ಬರೂ ಮಾಯಕವಾಗಿ ದೈವಗಳಾಗುತ್ತಾರೆ. ಕಾರ್ಕಳವನ್ನು ಉರಿಸಿ ಹಗೆ ತೀರಿಸಿಕೊಳ್ಳುತ್ತಾರೆ. ಪಾಠಾಂತರಗಳು ಅನೇಕವಿದ್ದರೂ ಕಥೆಯ ತಿರುಳು ಇದು. ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಠವು 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟವಾಯಿತು.

ಕಾಲಗಣನೆಯ ದೃಷ್ಟಿಯಿಂದ ಈ ಕಥೆ ನಿಲ್ಲಲಾರದು. ವೇಣೂರಿನ ಗೊಮ್ಮಟನನ್ನು ಅಜಿಲ ಮನೆತನದ ತಿಮ್ಮರಾಜನು ಪ್ರತಿಷ್ಠಾಪಿಸಿದ್ದು 1604ರಲ್ಲಿ. ಎರಡು ಮೂರ್ತಿಗಳ ನಡುವಿನ ಅಂತರ 172 ವರ್ಷಗಳು. ಶಿಲ್ಪಿಯ ಕೈ ಕಡಿದ ಅಥವಾ ಕಣ್ಣು ಕಿತ್ತ ಅರಸನ ಕಥೆ ತಾಜಮಹಲಿನ ಸುತ್ತಲೂ ಇದೆ, ಮಾಸ್ಕೋದ ಸಂತ ಬೆಸಿಲನ ಇಗರ್ಜಿಯ ಸುತ್ತಲೂ ಇದೆ. ಇದೊಂದು ಸಂಚಾರಿ ಆಶಯವೆಂದು ಜಾನಪದ ವಿದ್ವಾಂಸರು ಬಲ್ಲರು. ಇಷ್ಟಕ್ಕೇ ನಿಲ್ಲಿಸಿ ಪಾಡ್ದನವನ್ನು ಕಟ್ಟುಕಥೆಯೆಂದು ಬದಿಗಿರಿಸುವುದು ಸುಲಭ. ಆದರೆ ಆಶಯವು ಸಂಚಾರಿಯಾದರೂ ಅದು ಎಲ್ಲಿ ಬೇರು ಬಿಟ್ಟಿತು, ಏಕೆ ಬಿಟ್ಟಿತು ಎಂಬುದು ಸ್ಥಳೀಯ ಪ್ರಶ್ನೆ.

ಚತುರ್ಮುಖ ಬಸದಿಯ ನಿರ್ಮಾಣಕ್ಕೂ ವೇಣೂರಿನ ಪ್ರತಿಷ್ಠೆಗೂ ಇರುವ ಅಂತರ ಕೇವಲ 18 ವರ್ಷ. ವೇಣೂರಿನಲ್ಲಿ ಇನ್ನೊಂದು ಗೊಮ್ಮಟ ನಿಲ್ಲುವುದನ್ನು ಕಾರ್ಕಳದ ಅರಸನು ಸಹಿಸದೆ ವಿರೋಧಿಸಿದನೆಂಬ ಐತಿಹ್ಯ ಸ್ವತಂತ್ರವಾಗಿ ಪ್ರಚಲಿತವಾಗಿದೆ. 1432ರ ಮೂರ್ತಿಯನ್ನು 1600ರ ಸುಮಾರಿನ ಪೈಪೋಟಿಯೊಡನೆ ಪಾಡ್ದನವು ಬೆಸೆದಿರಬಹುದು. ಇದು ಊಹೆಯಾದರೂ, ಕಲೆಯು ಅರಸರ ನಡುವಿನ ಪ್ರತಿಷ್ಠೆಯ ಪಣವಾದಾಗ ಅದರ ಬೆಲೆ ತೆರುವವನು ಕೆಲಸಗಾರ ಎಂಬ ತಿಳಿವಳಿಕೆ ಪಾಡ್ದನದಲ್ಲಿ ಅಡಗಿರುವುದು ಊಹೆಯಲ್ಲ. ಮೂರ್ತಿಯನ್ನು ಒಡೆಯುವುದು ಮಹಾಪಾಪವೆಂದು ಕಾಪುವಿನ ಶಾಸನ ಸಾರಿತು; ಮೂರ್ತಿಕಾರನ ದೇಹವನ್ನು ಕಡಿಯುವುದೂ ಅಷ್ಟೇ ಪಾಪವೆಂದು ಪಾಡ್ದನ ಹಾಡಿತು.

ಭಾಷೆಯ ನೆಲೆಯಿಂದಲೂ ಈ ಭೇದ ಮುಖ್ಯ. ಭೈರರಸರ ಈ ಶಾಸನಗಳ ಭಾಷೆ ಸಂಸ್ಕೃತ ಮತ್ತು ಕನ್ನಡ. ಕಾವ್ಯದ ಭಾಷೆ ಕನ್ನಡ. ಕಲ್ಲು ಒಡೆದವರು, ಬಂಡಿ ಎಳೆದವರು, ಗದ್ದೆ ಉತ್ತವರು ಮಾತನಾಡುತ್ತಿದ್ದುದು ಬಹುಮಟ್ಟಿಗೆ ತುಳು. ಬರಹದ ಭಾಷೆಯಲ್ಲಿ ದೊರೆಯದ ಸ್ಥಾನವನ್ನು ಅವರು ನೇಜಿ ನೆಡುವಾಗಿನ ಹಾಡಿನಲ್ಲಿ, ಕೋಲದ ಅಂಗಳದಲ್ಲಿ ಪಡೆದುಕೊಂಡರು. ಶಾಸನವು ಅರಸನಿಗೆ ಶಾಶ್ವತ ಕೀರ್ತಿಯನ್ನು ಬಯಸಿತು. ಪಾಡ್ದನವು ಶಿಲ್ಪಿಯನ್ನೂ ಅವನ ತಂಗಿಯನ್ನೂ ದೈವಗಳನ್ನಾಗಿಸಿತು. ಭೈರರಸರ ಆಳ್ವಿಕೆ ಕೆಳದಿಯ ಪ್ರಾಬಲ್ಯದ ಕಾಲದಲ್ಲಿ ಕುಗ್ಗಿ ಅಳಿಯಿತು. ಕಲ್ಕುಡ-ಕಲ್ಲುರ್ಟಿಯರ ಆರಾಧನೆ ತುಳುನಾಡಿನಲ್ಲಿ ಇಂದಿಗೂ ನಡೆಯುತ್ತಿದೆ. ಗೊಮ್ಮಟನಿಗೂ ಮಸ್ತಕಾಭಿಷೇಕ ತಪ್ಪಿಲ್ಲ; 2015ರಲ್ಲಿಯೂ ಅದು ನೆರವೇರಿತು. ಒಂದೇ ಕಲಾಕೃತಿಯ ಎರಡು ಸ್ಮೃತಿಪರಂಪರೆಗಳು ಹೀಗೆ ಜೊತೆಜೊತೆಗೆ ಜೀವಂತವಾಗಿವೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಭೈರರಸರ ಕಲಾಪೋಷಣೆ ಅರಸ ಮತ್ತು ಭಟ್ಟಾರಕಪೀಠಗಳ ಜಂಟಿ ಕಾರ್ಯ. ಅದರ ನಿರಂತರತೆಯನ್ನು ಕಾಯ್ದುಕೊಂಡದ್ದು ಪೀಠ. ಅದರ ಆರ್ಥಿಕ ಅಡಿಪಾಯ ಗದ್ದೆಯ ಉತ್ಪನ್ನ. ಅದರ ತಾಂತ್ರಿಕ ಅಡಿಪಾಯ ಸ್ಥಳೀಯ ಕಲ್ಲುಕುಟಿಗರ ಮತ್ತು ಬಡಗಿಗಳ ಪರಿಣತಿ. ಶಾಸನವು ದಾನಿಯ ನೆಲೆಯಿಂದ, ಕಾವ್ಯವು ಉತ್ಸವದ ನೆಲೆಯಿಂದ, ಪಾಡ್ದನವು ದುಡಿದವನ ನೆಲೆಯಿಂದ ಇದೇ ಸಂಗತಿಯನ್ನು ಕಾಣುತ್ತವೆ. ಇವುಗಳಲ್ಲಿ ಒಂದನ್ನು ಮಾತ್ರ ಚರಿತ್ರೆಯೆಂದೂ ಉಳಿದುವನ್ನು ಅಲಂಕಾರ ಅಥವಾ ಐತಿಹ್ಯವೆಂದೂ ವಿಂಗಡಿಸಿದರೆ ಉಳಿಯುವುದು ದಾನಿಯ ಚರಿತ್ರೆ ಮಾತ್ರ.

ಕನ್ನಡ ತರಗತಿಗಳಲ್ಲಿ ಶಾಸನವನ್ನು ಹಳಗನ್ನಡದ ಪತ್ರಿಕೆಯಲ್ಲಿ, ಸಾಂಗತ್ಯವನ್ನು ನಡುಗನ್ನಡದ ಪತ್ರಿಕೆಯಲ್ಲಿ, ಪಾಡ್ದನವನ್ನು ಜಾನಪದದ ಪತ್ರಿಕೆಯಲ್ಲಿ ಬೇರೆಬೇರೆಯಾಗಿ ಬೋಧಿಸುವ ಕ್ರಮ ರೂಢಿಗೊಂಡಿದೆ. ಕಾರ್ಕಳದ ಗೊಮ್ಮಟನನ್ನು ನಡುವೆ ಇರಿಸಿಕೊಂಡು ಈ ಮೂರನ್ನೂ ಒಟ್ಟಿಗೆ ಓದಿಸಿದರೆ, ‘ರಾಜಾಶ್ರಯ’ ಎಂಬ ಪದವನ್ನು ವಿದ್ಯಾರ್ಥಿಗಳು ಬಳಸುವ ಮುನ್ನ, ಆಶ್ರಯವಿತ್ತವರು ಯಾರು, ಅದನ್ನು ಪಡೆದವರು ಯಾರು, ಅದರ ಭಾರವನ್ನು ಹೊತ್ತವರು ಯಾರು ಎಂದು ಕೇಳುವುದನ್ನು ಕಲಿತಾರು.